ಕಾಣದ ಹಿರಿಯರು



ಇಲ್ಯುಮಿನಾಟಿ ಎಂಬ ಹೆಸರು ಇವತ್ತು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆಲ್ಲ ಪರಿಚಿತ. ಅಮೆರಿಕದ ಒಂದು ಡಾಲರ್ ನೋಟಿನ ಮೇಲಿರುವ ಪಿರಮಿಡ್ಡೂ ಕಣ್ಣೂ ಅವರದೇ ಗುರುತಂತೆ. ಸರ್ಕಾರಗಳನ್ನು ಏರಿಸುವವರೂ ಇಳಿಸುವವರೂ ಅವರೇ ಅಂತೆ. ಮೊಬೈಲಿನಲ್ಲಿ ಹರಿದಾಡುವ ಈ 'ಅಂತೆ'ಗಳಿಗೆ ಕೊನೆಯಿಲ್ಲ. ಆದರೆ ಆ ಹೆಸರಿನ ಒಂದು ಸಂಘ ನಿಜವಾಗಿಯೂ ಇತ್ತು. ಈಗಿನ ಜರ್ಮನಿಯ ದಕ್ಷಿಣ ಭಾಗವಾದ ಬವೇರಿಯಾದಲ್ಲಿ 1776ರಲ್ಲಿ ಹುಟ್ಟಿ, ಹತ್ತು ಹನ್ನೆರಡು ವರ್ಷ ಬಾಳಿ, ಅರಸನ ಆಜ್ಞೆಗೆ ಸಿಕ್ಕಿ ಮುಗಿದುಹೋಯಿತು. ಅದರ ಲಾಂಛನ ಕಣ್ಣಲ್ಲ, ಗೂಬೆ. ರೋಮನ್ನರ ವಿದ್ಯಾದೇವತೆ ಮಿನರ್ವಳ ಗೂಬೆ. ಅದರ ಸದಸ್ಯರು ಒಬ್ಬರಿಗೊಬ್ಬರು ಬರೆದ ಪತ್ರಗಳು, ನಿಯಮಾವಳಿಗಳು, ತಿಂಗಳ ವರದಿಗಳು ಇವತ್ತಿಗೂ ಓದಲು ಸಿಗುತ್ತವೆ. ಅವುಗಳಲ್ಲಿ ಕಾಣುವ ಸಂಘ ದಂತಕಥೆಯ ಸಂಘದಷ್ಟು ಭಯಂಕರವಾದದ್ದಲ್ಲ. ಆದರೂ ಅದರ ಕಥೆ ನನ್ನನ್ನು ಬಹಳ ಕಾಡಿದೆ. ಮನುಷ್ಯರ ಬುದ್ಧಿಯನ್ನು ಬಿಡುಗಡೆ ಮಾಡಬೇಕೆಂದು ಹೊರಟ ಜನ, ಅದಕ್ಕಾಗಿ ತಮ್ಮವರನ್ನೇ ಎಂಥ ಕಟ್ಟಿನೊಳಗೆ ಇಟ್ಟರು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ದಾನ್ಯೂಬ್ ನದಿಯ ದಡದಲ್ಲಿ ಇಂಗೋಲ್‌ಸ್ಟಾಟ್ ಎಂಬ ಊರು. ಅಲ್ಲೊಂದು ಹಳೆಯ ವಿಶ್ವವಿದ್ಯಾಲಯ. ಬಹಳ ಕಾಲದಿಂದ ಅಲ್ಲಿನ ಪಾಠಪ್ರವಚನ ಜೆಸುಯಿಟ್ ಪಾದ್ರಿಗಳ ಹಿಡಿತದಲ್ಲಿತ್ತು. 1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಜೆಸುಯಿಟ್ ಸಂಘವನ್ನೇ ರದ್ದು ಮಾಡಿದ. ಅವರ ವಶದಲ್ಲಿದ್ದ ಚರ್ಚ್ ಕಾನೂನಿನ ಪೀಠ ಆಡಮ್ ವೈಸ್‌ಹೌಪ್ಟ್ ಎಂಬ ಇಪ್ಪತ್ತೈದರ ತರುಣನಿಗೆ ಸಿಕ್ಕಿತು. ಇವನು ಪಾದ್ರಿಯಲ್ಲ, ಗೃಹಸ್ಥ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಜೆಸುಯಿಟರ ಶಾಲೆಯಲ್ಲಿ ಓದಿದವನು. ಆದರೆ ಅವನನ್ನು ರೂಪಿಸಿದ್ದು ಶಾಲೆಗಿಂತ ಹೆಚ್ಚಾಗಿ ಅವನ ಪೋಷಕ ಇಕ್‌ಸ್ಟಾಟ್ ಎಂಬ ವಿದ್ವಾಂಸನ ಪುಸ್ತಕದ ಕಪಾಟು. ಪ್ರಶ್ನೆ ಕೇಳುವ, ಮತಕ್ಕಿಂತ ವಿವೇಕವನ್ನು ಮೇಲೆ ಇಡುವ ಹೊಸ ಕಾಲದ ಗ್ರಂಥಗಳೆಲ್ಲ ಅಲ್ಲಿದ್ದವು. ಪೀಠವೇನೋ ದೊರೆಯಿತು. ಆದರೆ ಜೆಸುಯಿಟ್ ಸಂಘ ಹೋದರೂ ಜೆಸುಯಿಟರು ಹೋಗಿರಲಿಲ್ಲ. ವಿಶ್ವವಿದ್ಯಾಲಯದ ಹಣವೂ ಪ್ರಭಾವವೂ ಅವರ ಕೈಯಲ್ಲೇ ಇದ್ದವು. ಉತ್ತರದ ಪ್ರೊಟೆಸ್ಟೆಂಟ್ ಸೀಮೆಗಳಲ್ಲಿ ಅಚ್ಚಾಗುತ್ತಿದ್ದ ಪುಸ್ತಕಗಳನ್ನು ಇಲ್ಲಿ ಬಹಿರಂಗವಾಗಿ ಓದಿಸುವುದು ಅಪಾಯದ ಕೆಲಸವಾಗಿತ್ತು. ವೈಸ್‌ಹೌಪ್ಟ್‌ನ ಮಾತು ಕೇಳುವ ಹುಡುಗರಿದ್ದರು. ಅವರೊಂದಿಗೆ ಮನಸ್ಸು ಬಿಚ್ಚಿ ಮಾತಾಡುವ ಜಾಗವಿರಲಿಲ್ಲ.

ಅದೇ ಹೊತ್ತಿಗೆ ಅವನಿಗೆ ಫ್ರೀಮೇಸನ್ನರ ಸುದ್ದಿ ಬಂತು. ಯೂರೋಪಿನ ನಗರಗಳಲ್ಲೆಲ್ಲ ಹಬ್ಬಿದ್ದ ಆ ಗುಪ್ತ ಸಹೋದರ ಕೂಟಗಳ ಪ್ರವೇಶಕ್ಕೆ ದುಡ್ಡು ಬಹಳ ಬೇಕಿತ್ತು. ಒಳಗಿನ ರಹಸ್ಯವೂ ಅವನು ಎಣಿಸಿದಷ್ಟು ಗಹನವಾಗಿ ಕಾಣಲಿಲ್ಲ. ಹತ್ತಿರದ ಊರಿನಲ್ಲಿ ರೋಸಿಕ್ರೂಷಿಯನ್ನರು, ಅಂದರೆ ರಸವಿದ್ಯೆ ಮತ್ತು ಭೂತಪ್ರೇತಗಳ ಮಾತಾಡುವ ಇನ್ನೊಂದು ಪಂಥದವರು, ವಿದ್ಯಾರ್ಥಿಗಳನ್ನು ಸೆಳೆಯತೊಡಗಿದ್ದರು. ತನ್ನ ಹುಡುಗರು ಆ ಮಬ್ಬಿಗೆ ಹೋಗಿ ಬೀಳಬಾರದೆಂದು 1776ರ ಮೇ 1ರಂದು ತನ್ನದೇ ಸಂಘ ಕಟ್ಟಿದ. ತಾನೂ ಸೇರಿ ಐದೇ ಜನ. ಮೊದಲಿಗೆ ಇಟ್ಟ ಹೆಸರು ಪರಿಪೂರ್ಣತೆಯತ್ತ ಸಾಗುವವರ ಒಕ್ಕೂಟ ಎಂಬರ್ಥದ್ದು. ಇಲ್ಯುಮಿನಾಟಿ, ಅಂದರೆ ಬೆಳಕು ಪಡೆದವರು, ಎಂಬುದು ಆಮೇಲೆ ನಿಂತ ಹೆಸರು.

ಸಂಘ ಸೇರಿದವನು ತನ್ನ ಹೆಸರನ್ನು ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ವೈಸ್‌ಹೌಪ್ಟ್ ತನಗೆ ಸ್ಪಾರ್ಟಕಸ್ ಎಂದು ಹೆಸರಿಟ್ಟುಕೊಂಡ. ಸ್ಪಾರ್ಟಕಸ್ ರೋಮಿನ ವಿರುದ್ಧ ಗುಲಾಮರನ್ನು ಎಬ್ಬಿಸಿ ನಿಲ್ಲಿಸಿದವನು. ವೈಸ್‌ಹೌಪ್ಟ್‌ನ ಬಲಗೈಯಾಗಿದ್ದ ಕ್ಸೇವರ್ ಫಾನ್ ತ್ಸ್ವಾಕ್ ಕೇಟೋ ಆದ. ಊರುಗಳಿಗೂ ಮರುನಾಮಕರಣ: ಮ್ಯೂನಿಕ್ ಅಥೆನ್ಸ್ ಆಯಿತು, ಇಂಗೋಲ್‌ಸ್ಟಾಟ್ ಎಲ್ಯೂಸಿಸ್ ಆಯಿತು, ವಿಯೆನ್ನಾ ರೋಮ್ ಆಯಿತು. ಪತ್ರದ ಮೇಲಿನ ತಾರೀಖು ಕೂಡ ಕ್ರಿಸ್ತಶಕದ್ದಲ್ಲ. ಪರ್ಷಿಯಾದ ಯಜ್ದಗರ್ದ್ ಶಕೆ, ಪರ್ಷಿಯನ್ ತಿಂಗಳ ಹೆಸರುಗಳು. ನಮ್ಮ ಪಾರ್ಸಿ ಬಂಧುಗಳು ಇಂದಿಗೂ ತಮ್ಮ ವರ್ಷಗಳನ್ನು ಎಣಿಸುವುದು ಈ ಶಕೆಯಲ್ಲೇ. ಗುಟ್ಟಿನ ಮಾತು ಬರೆಯಲು ಅಂಕಿಗಳ ಲಿಪಿಯಿತ್ತು. ಎ ಅಕ್ಷರಕ್ಕೆ 12, ಬಿ ಅಕ್ಷರಕ್ಕೆ 11, ಹೀಗೆ ಇಳಿಯುತ್ತ ಎಂ ಅಕ್ಷರಕ್ಕೆ 1. ಅಲ್ಲಿಂದಾಚೆ ಎನ್ ಅಕ್ಷರಕ್ಕೆ 13ರಿಂದ ಏರುತ್ತ ಕೊನೆಗೆ 24. ತಾಳ್ಮೆಯುಳ್ಳ ಯಾರಾದರೂ ಒಂದು ಸಂಜೆಯಲ್ಲಿ ಬಿಡಿಸಬಹುದಾದ ಒಗಟು ಇದು. ಆದರೂ ಇಪ್ಪತ್ತರ ಹರೆಯದ ಹುಡುಗನೊಬ್ಬನಿಗೆ ಪ್ರಾಚೀನ ವೀರನ ಹೆಸರೂ, ಹೊಸ ಪಂಚಾಂಗವೂ, ಯಾರಿಗೂ ತಿಳಿಯದ ಲಿಪಿಯೂ ಒಟ್ಟಿಗೆ ಸಿಕ್ಕಾಗ ಅವನ ಎದೆಯಲ್ಲಿ ಏನಾಗಿರಬಹುದು ಎಂದು ನಾವು ಊಹಿಸಬಲ್ಲೆವು. ತನ್ನ ಊರು ಅದೇ, ತಾನು ಮಾತ್ರ ಬೇರೆ ಎನಿಸಿರಬೇಕು.

ಇನ್ನು ಅವರ ನಂಬಿಕೆಯ ತಿರುಳಿಗೆ ಬರೋಣ. 1782ರಲ್ಲಿ ಮೇಲಿನ ಹಂತದ ಸದಸ್ಯರಿಗೆಂದು ವೈಸ್‌ಹೌಪ್ಟ್ ಒಂದು ದೀರ್ಘ ಉಪದೇಶ ಬರೆದ. ಅದು ಮನುಕುಲದ ಚರಿತ್ರೆಯನ್ನೇ ಹೇಳುವಂಥದ್ದು. ಆದಿಯಲ್ಲಿ ಮನುಷ್ಯರು ಸಣ್ಣ ಸಣ್ಣ ಕುಟುಂಬಗಳಾಗಿ ಬಾಳುತ್ತಿದ್ದರು, ಸ್ವತಂತ್ರರಾಗಿದ್ದರು, ಸಮಾನರಾಗಿದ್ದರು. ಸಂಖ್ಯೆ ಬೆಳೆಯಿತು, ಬೇಕುಗಳು ಬೆಳೆದವು, ಭಯ ಬೆಳೆಯಿತು. ಬಲವುಳ್ಳವನ ಆಸರೆಯನ್ನು ದುರ್ಬಲರು ತಾವಾಗಿಯೇ ಕೇಳಿದರು. ಕಾಪಾಡಲು ಬಂದವನು ಒಡೆಯನಾದ, ಅರಸನಾದ. ಅರಸುತನಗಳ ಜೊತೆಗೆ ದೇಶಗಳು ಹುಟ್ಟಿದವು. ದೇಶಾಭಿಮಾನ ಹುಟ್ಟಿದಾಗ, ಗಡಿಯಾಚೆಯವನನ್ನು ಹಗೆಯೆಂದು ಕಾಣುವುದೇ ಗುಣವೆನಿಸಿಕೊಂಡಿತು. ಇಷ್ಟಾದರೂ ಇದೆಲ್ಲ ಬರಿಯ ಪತನವೆಂದು ಅವನು ಭಾವಿಸಲಿಲ್ಲ. ಮನುಕುಲ ಪ್ರಾಯಕ್ಕೆ ಬರುವ ದಾರಿಯಲ್ಲಿ ಇದೂ ಒಂದು ಹಂತ. ತನ್ನನ್ನು ತಾನು ಆಳಿಕೊಳ್ಳಲು ಕಲಿತವನಿಗೆ ಮೇಲೊಬ್ಬ ಆಳುವವನು ಬೇಕಿಲ್ಲ. ಎಲ್ಲರೂ ಅದನ್ನು ಕಲಿತ ದಿನ ಅರಸರೂ ಗಡಿಗಳೂ ಹಿಂಸೆಯಿಲ್ಲದೆ ತಾವಾಗಿಯೇ ಮರೆಯಾಗುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಉಪದೇಶದಲ್ಲಿ ದಂಗೆಯ ಕರೆಯಿಲ್ಲ. ಒಬ್ಬ ಒಡೆಯನನ್ನು ಕತ್ತಿಯಿಂದ ಇಳಿಸಿದರೆ ಆ ಕತ್ತಿ ಹಿಡಿದವನೇ ಹೊಸ ಒಡೆಯನಾಗುತ್ತಾನೆ ಎಂಬ ಅರಿವು ವೈಸ್‌ಹೌಪ್ಟ್‌ಗೆ ಇತ್ತು. ಬದಲಾಗಬೇಕಾದದ್ದು ಮನುಷ್ಯನ ಒಳಗು. ಅದನ್ನು ಬದಲಿಸಬಲ್ಲದ್ದು ಶಿಕ್ಷಣ. ಶಿಕ್ಷಣ ಕೊಡುವವು ಜ್ಞಾನದ ಗುಪ್ತ ಶಾಲೆಗಳು. ಅಂಥ ಶಾಲೆಗಳು ಎಲ್ಲ ಕಾಲದಲ್ಲೂ ಇದ್ದವು, ಯೇಸುವೇ ಸ್ವಾತಂತ್ರ್ಯ ಸಮಾನತೆಗಳ ಮರೆಮಾಚಿದ ಬೋಧನೆಯನ್ನು ಶಿಷ್ಯರಿಗೆ ಒಪ್ಪಿಸಿ ಹೋದವನು ಎಂದು ಅವನು ವಾದಿಸಿದ. ಮೇಲಿನ ಹಂತವೊಂದರ ದೀಕ್ಷೆಯಲ್ಲಿ ಅಭ್ಯರ್ಥಿಯ ಮುಂದೆ ಒಂದು ಅಸ್ಥಿಪಂಜರವಿರುತ್ತಿತ್ತು, ಕಾಲಡಿಯಲ್ಲಿ ಕಿರೀಟವೂ ಕತ್ತಿಯೂ. ಇದು ಅರಸನದೋ, ಶ್ರೀಮಂತನದೋ, ಭಿಕ್ಷುಕನದೋ ಎಂಬ ಪ್ರಶ್ನೆ. ಅದು ಮನುಷ್ಯನದು, ಅಷ್ಟು ತಿಳಿದರೆ ಸಾಕು ಎಂಬುದು ಉತ್ತರ. ವರ್ಗ ವರ್ಗಗಳ ನಡುವೆ ಗೋಡೆಗಳಿದ್ದ ಆ ಕಾಲದಲ್ಲಿ ಹುಟ್ಟಿದ ಈ ಕಲ್ಪನೆಗೆ ನಾನು ತಲೆಬಾಗುತ್ತೇನೆ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು: ಸಂಘದ ನಿಯಮದಂತೆ ಹೆಂಗಸರಿಗೆ, ಯಹೂದಿಗಳಿಗೆ, ಸನ್ಯಾಸಿಗಳಿಗೆ ಪ್ರವೇಶವಿರಲಿಲ್ಲ. ಹೆಂಗಸರಿಗಾಗಿ ಒಂದು ಶಾಖೆ ತೆರೆಯುವ ಮಾತು ಕಾಗದದ ಮೇಲೇ ಉಳಿಯಿತು.

ಶಿಕ್ಷಣವೇನೋ ಸರಿ. ಅದನ್ನು ಕೊಡುತ್ತಿದ್ದ ಬಗೆ ಹೇಗೆ?

ಹೊಸಬನಿಗೆ ಸಂಘದಲ್ಲಿ ಗೊತ್ತಿರುತ್ತಿದ್ದುದು ಒಬ್ಬನೇ ವ್ಯಕ್ತಿ, ತನ್ನನ್ನು ಸೇರಿಸಿದವನು. ಅವನು ಹೇಳಿದ ಪುಸ್ತಕಗಳನ್ನು ಓದಬೇಕು, ಟಿಪ್ಪಣಿ ಬರೆಯಬೇಕು. ಸೆನೆಕಾ, ಎಪಿಕ್ಟೀಟಸ್, ಪ್ಲುಟಾರ್ಕ್ ಮುಂತಾದ ಪ್ರಾಚೀನ ನೀತಿಕಾರರು ಆ ಪಟ್ಟಿಯಲ್ಲಿದ್ದರು. ಇದರ ಜೊತೆಗೆ ಹೊಸಬ ತನ್ನ ಬಗ್ಗೆಯೇ ಬರೆಯಬೇಕಿತ್ತು: ಹುಟ್ಟಿದ್ದು ಎಲ್ಲಿ, ತಂದೆತಾಯಿ ಎಂಥವರು, ಗೆಳೆಯರು ಯಾರು, ಹಗೆಗಳು ಯಾರು, ಯಾವ ಮೋಹ ತನ್ನನ್ನು ಆಳುತ್ತದೆ, ಯಾವ ದೌರ್ಬಲ್ಯಕ್ಕೆ ಸೋಲುತ್ತೇನೆ. ಇತ್ತ ಅವನನ್ನು ಸೇರಿಸಿದವನು ಅವನಿಗೆ ತಿಳಿಯದಂತೆ ಇನ್ನೊಂದು ಪಟ್ಟಿ ಬರೆಯುತ್ತಿದ್ದ: ನಡಿಗೆ ಹೇಗಿದೆ, ಮಾತಿನ ಧಾಟಿ ಹೇಗಿದೆ, ಸಿಟ್ಟು ಬಂದಾಗ ಏನು ಮಾಡುತ್ತಾನೆ. ಎರಡನ್ನೂ ಮೇಲಿನವರು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಪರೀಕ್ಷೆಯ ಅವಧಿ ಒಂದು ವರ್ಷದಿಂದ ಮೂರು ವರ್ಷ. ವಯಸ್ಸು ಚಿಕ್ಕದಾದಷ್ಟೂ ಅವಧಿ ದೊಡ್ಡದು.

ಅದರಲ್ಲಿ ಗೆದ್ದವನು ಮಿನರ್ವಲ್ ಎಂಬ ಹಂತಕ್ಕೆ ಏರುತ್ತಿದ್ದ. ಗೂಬೆಯ ಪದಕ ಕೊರಳಿಗೆ ಬೀಳುತ್ತಿತ್ತು. ಆಗ ಮೊದಲ ಬಾರಿಗೆ ತನ್ನಂಥ ಇತರರನ್ನು ಕಾಣುತ್ತಿದ್ದ. ಅವರ ಸಭೆಗಳನ್ನು ಒಂದು ಗುಪ್ತ ವಿದ್ವತ್ ಸಭೆಯೆಂದೇ ಕರೆಯಬಹುದು. ಒಬ್ಬ ಪ್ರಬಂಧ ಓದುತ್ತಾನೆ, ಉಳಿದವರು ಚರ್ಚಿಸುತ್ತಾರೆ, ಹಿರಿಯನೊಬ್ಬ ತಿದ್ದುತ್ತಾನೆ. ಗೋಥಾ ನಗರದ ಸದಸ್ಯರು ಬರೆದ ಇಂಥ ಪ್ರಬಂಧಗಳು ಉಳಿದುಬಂದಿವೆ. ವಿಶ್ವವಿದ್ಯಾಲಯದಲ್ಲಿ ಸಿಗದಿದ್ದ ವಿದ್ಯೆಯನ್ನು ಹೀಗೆ ಕದ್ದುಮುಚ್ಚಿ ಸಂಪಾದಿಸಿದ ಆ ತರುಣರ ಹಸಿವು ದೊಡ್ಡದು. ಪುಸ್ತಕದ ಆಸೆ ಎಷ್ಟಿತ್ತೆಂದರೆ, ಮಠಗಳ ಗ್ರಂಥಾಲಯಗಳಲ್ಲಿ ಸುಮ್ಮನೆ ಬಿದ್ದಿರುವ ಗ್ರಂಥಗಳನ್ನು ಎತ್ತಿಕೊಂಡು ಬರುವುದು ತಪ್ಪಲ್ಲ ಎಂದು ವೈಸ್‌ಹೌಪ್ಟ್ ಪತ್ರದಲ್ಲಿ ವಾದಿಸಿದ್ದಾನೆ. ಒಳ್ಳೆಯ ಗುರಿಗೆ ಕೆಟ್ಟ ದಾರಿಯೂ ಆದೀತು ಎಂಬ ಯೋಚನೆ ಅಲ್ಲಿಂದಲೇ ಒಳಗೆ ನುಸುಳಿತ್ತು.

ಸಂಘದ ನರನಾಡಿ ಎಂದರೆ ತಿಂಗಳ ಮುಚ್ಚಿದ ಲಕೋಟೆ. ಪ್ರತಿ ತಿಂಗಳ ಕೊನೆಗೆ ಪ್ರತಿಯೊಬ್ಬ ಸದಸ್ಯನೂ ಒಂದು ವರದಿ ಬರೆದು, ಮೊಹರು ಹಾಕಿ, ಮೇಲೆ ಲ್ಯಾಟಿನ್ನಿನಲ್ಲಿ ಕ್ವಿಬುಸ್ ಲಿಚೆಟ್, ಅಂದರೆ ತೆರೆಯಲು ಅಧಿಕಾರವುಳ್ಳವರಿಗೆ ಎಂದು ಬರೆದು ಕೊಡಬೇಕು. ಈ ತಿಂಗಳು ನನ್ನಲ್ಲಿ ಯಾವ ಪೂರ್ವಗ್ರಹ ಕಂಡುಕೊಂಡೆ, ಯಾವ ದುರ್ಗುಣ ಬಿಟ್ಟೆ, ನನ್ನ ಮೇಲಿನವನು ನನ್ನನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾನೆ, ಸಂಘದ ಬಗ್ಗೆ ನನ್ನ ದೂರೇನು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ತನ್ನ ನೇರ ಮೇಲಧಿಕಾರಿಯೂ ನೋಡಬಾರದ್ದಿದ್ದರೆ ಲಕೋಟೆಯ ಮೇಲೆ ಸೋಲಿ ಎಂದು ಬರೆಯಬಹುದು. ತುತ್ತತುದಿಯಲ್ಲಿರುವವನಿಗೇ ಮುಟ್ಟಬೇಕಿದ್ದರೆ ಪ್ರಿಮೋ ಎಂದು. ಲಕೋಟೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿದ್ದವು, ಅಲ್ಲಿಂದ ಉತ್ತರವೂ ಆಜ್ಞೆಯೂ ಇಳಿದು ಬರುತ್ತಿದ್ದವು. ಕೆಳಗಿನವನ ಬದುಕು ಮೇಲಿನವನಿಗೆ ಪೂರ್ತಿ ತೆರೆದ ಪುಸ್ತಕ. ಮೇಲಿನವನು ಯಾರೆಂಬುದೇ ಕೆಳಗಿನವನಿಗೆ ತಿಳಿಯದು.

ಈ ಏರ್ಪಾಡಿನ ಮೂಲವನ್ನು ಹುಡುಕಲು ದೂರ ಹೋಗಬೇಕಿಲ್ಲ. ಪಾಪನಿವೇದನೆ, ಆತ್ಮಪರೀಕ್ಷೆ, ಪ್ರಶ್ನೆಯಿಲ್ಲದ ವಿಧೇಯತೆ, ಒಬ್ಬರ ಮೇಲೊಬ್ಬರ ಕಣ್ಣು, ಇವೆಲ್ಲ ಜೆಸುಯಿಟರ ಶಿಸ್ತಿನಿಂದ ಬಂದವು. ಯಾರ ಹಿಡಿತದಿಂದ ಬವೇರಿಯಾವನ್ನು ಬಿಡಿಸಬೇಕೆಂದು ವೈಸ್‌ಹೌಪ್ಟ್ ಹೊರಟಿದ್ದನೋ ಅವರ ಆಯುಧವನ್ನೇ ಕೈಗೆತ್ತಿಕೊಂಡ. ಶಿಸ್ತು ಕೆಟ್ಟದ್ದಲ್ಲ, ಅದನ್ನು ಕೆಟ್ಟ ಗುರಿಗೆ ಬಳಸಿದ್ದು ಕೆಟ್ಟದ್ದು ಎಂದು ಅವನು ನಂಬಿದ್ದ. ಇದನ್ನು ನಾನು ಒಪ್ಪಲಾರೆ. ನಿನ್ನ ಬುದ್ಧಿಯನ್ನು ನೀನೇ ಬಳಸು ಎಂದು ಕಲಿಸುವ ಶಾಲೆ, ಕಾರಣ ಕೇಳದೆ ಪಾಲಿಸು ಎಂದು ಅದೇ ಬಾಯಿಯಲ್ಲಿ ಹೇಳಿದರೆ, ವಿದ್ಯಾರ್ಥಿ ಎರಡನೆಯದನ್ನೇ ಚೆನ್ನಾಗಿ ಕಲಿಯುತ್ತಾನೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಸಂಘ ಬಹಳ ಪುರಾತನವಾದದ್ದು, ಅದನ್ನು ಕಾಣದ ಹಿರಿಯರು ನಡೆಸುತ್ತಿದ್ದಾರೆ, ಅವರ ಬಳಿ ಮಹಾ ರಹಸ್ಯವಿದೆ ಎಂದು ಹೊಸಬರಿಗೆಲ್ಲ ಹೇಳಲಾಗುತ್ತಿತ್ತು. ಇದು ಸುಳ್ಳು. ಹಿರಿಯರೂ ಇರಲಿಲ್ಲ, ಪುರಾತನತೆಯೂ ಇರಲಿಲ್ಲ. ಇದ್ದವನು ಇಂಗೋಲ್‌ಸ್ಟಾಟಿನ ಒಬ್ಬ ಮೇಷ್ಟ್ರು, ಜೊತೆಗೆ ಮ್ಯೂನಿಕ್ಕಿನ ಕೆಲವು ಗೆಳೆಯರು. ಮೇಲಿನ ಹಂತಗಳನ್ನು ಆಗಿನ್ನೂ ಬರೆದೇ ಇರಲಿಲ್ಲ.

ಈ ಸುಳ್ಳಿಗೆ ಎದುರಾದವನು ಬ್ಯಾರನ್ ಅಡಾಲ್ಫ್ ಫಾನ್ ಕ್ನಿಗ್ಗೆ. ಉತ್ತರ ಜರ್ಮನಿಯ ಪ್ರೊಟೆಸ್ಟೆಂಟ್, ಮಾತು ಬಲ್ಲವನು, ನೂರಾರು ಜನರ ಪರಿಚಯವುಳ್ಳವನು. ಮನುಷ್ಯರು ಒಬ್ಬರೊಡನೊಬ್ಬರು ನಡೆದುಕೊಳ್ಳಬೇಕಾದ ಬಗೆಯ ಮೇಲೆ 1788ರಲ್ಲಿ ಅವನು ಬರೆದ ಪುಸ್ತಕದಿಂದ ಜರ್ಮನಿಯಲ್ಲಿ ಅವನ ಹೆಸರು ಇಂದಿಗೂ ಉಳಿದಿದೆ. 1780ರಲ್ಲಿ ಫೈಲೋ ಎಂಬ ಹೆಸರಿನಲ್ಲಿ ಸಂಘ ಸೇರಿದ. ಆಗ ಫ್ರೀಮೇಸನ್ನರಲ್ಲಿ ಗೊಂದಲವೆದ್ದಿತ್ತು. ತಾವು ಮಧ್ಯಯುಗದ ಟೆಂಪ್ಲರ್ ಯೋಧರ ವಾರಸುದಾರರು ಎಂಬ ನಂಬಿಕೆ ಕುಸಿಯತೊಡಗಿತ್ತು. ಹಾಗೆ ನಿರಾಶರಾದವರನ್ನು ಕ್ನಿಗ್ಗೆ ಇತ್ತ ಕರೆತಂದ. ನಾಲ್ಕು ವರ್ಷದಲ್ಲಿ ಅರವತ್ತು ಜನರಾಚೆ ಬೆಳೆಯದಿದ್ದ ಸಂಘಕ್ಕೆ ನೂರುಗಟ್ಟಲೆ ಜನ ಬಂದರು. ಬಂದವರು ಮುಂದಿನ ಹಂತವೇನೆಂದು ಕೇಳತೊಡಗಿದರು. ಕ್ನಿಗ್ಗೆ ಪತ್ರದ ಮೇಲೆ ಪತ್ರ ಬರೆದು ಒತ್ತಾಯಿಸಿದಾಗ ವೈಸ್‌ಹೌಪ್ಟ್ ನಿಜ ಒಪ್ಪಿಕೊಳ್ಳಬೇಕಾಯಿತು. ಕ್ನಿಗ್ಗೆ ಆಗ ಸಂಘ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಬವೇರಿಯಾಕ್ಕೆ ಬಂದು, ಇಲ್ಲದ ಹಂತಗಳನ್ನು ತಾನೇ ಬರೆದುಕೊಡಲು ಒಪ್ಪಿದ. ಆ ಸುಳ್ಳಿಗೆ ಇನ್ನೊಬ್ಬ ಸಮರ್ಥನ ಬೆಂಬಲ ಸಿಕ್ಕಿತು.

ಅವನ ಯೋಜನೆಯಂತೆ ಕೆಳಗೆ ಹೊಸಬರ ಮತ್ತು ಮಿನರ್ವಲರ ವರ್ಗ, ನಡುವೆ ಫ್ರೀಮೇಸನ್ ಹಂತಗಳು, ಮೇಲೆ ಪುರೋಹಿತ ಮತ್ತು ಅಧಿಪತಿ ಎಂಬ ರಹಸ್ಯ ಹಂತಗಳು ಬಂದವು. ತುದಿಯ ಎರಡು ಹಂತಗಳು ಕೊನೆಯವರೆಗೂ ಪೂರ್ತಿಯಾಗಲಿಲ್ಲ. ವೈಮರ್‌ನ ಮಹಾಕವಿ ಗಯಟೆ, ಚಿಂತಕ ಹೆರ್ಡರ್, ಗೋಥಾದ ಡ್ಯೂಕ್ ಎರ್ನ್ಸ್ಟ್ ಇಂಥವರ ಹೆಸರು ಸದಸ್ಯರ ಪಟ್ಟಿಯಲ್ಲಿ ಸೇರಿದ್ದು ಈ ಕಾಲದಲ್ಲೇ. ಸಂಶೋಧಕರು ಹೆಸರು ಹಿಡಿದು ಗುರುತಿಸಿರುವ ಸದಸ್ಯರು ಸುಮಾರು 1,400. ಹೆಚ್ಚಿನವರು ಅಧಿಕಾರಿಗಳು, ಪ್ರಾಧ್ಯಾಪಕರು, ವಕೀಲರು, ಪಾದ್ರಿಗಳು, ಕಿರಿಯ ಶ್ರೀಮಂತರು. ರೈತರಿಲ್ಲ, ಕುಶಲಕರ್ಮಿಗಳು ಇಲ್ಲವೆನ್ನುವಷ್ಟು ಕಡಿಮೆ. ತಮ್ಮವರನ್ನು ಸರ್ಕಾರಿ ಹುದ್ದೆಗಳಲ್ಲಿ ಕೂರಿಸುವ ಕೆಲಸವೂ ನಡೆದಿತ್ತು. ಬವೇರಿಯಾದಲ್ಲಿ ಪುಸ್ತಕಗಳಿಗೆ ಅನುಮತಿ ಕೊಡುವ ಮಂಡಳಿಯಲ್ಲೇ ಅವರು ಬಲವಾಗಿ ನೆಲೆಯೂರಿದ್ದರು.

ಬಿರುಕು ಒಳಗಿನಿಂದಲೇ ಬಿಟ್ಟಿತು. ಕ್ನಿಗ್ಗೆ ಬರೆದ ಪುರೋಹಿತ ಹಂತದ ಆಚರಣೆಗಳಲ್ಲಿ ಧಾರ್ಮಿಕ ಆಡಂಬರ ಹೆಚ್ಚಾಯಿತೆಂದು ವೈಸ್‌ಹೌಪ್ಟ್ ತಿದ್ದಿದ. ಜೊತೆಗಾರನಾಗಿ ದುಡಿದವನನ್ನು ಕೈಕೆಳಗಿನವನಂತೆ ನಡೆಸಿಕೊಂಡ. 1784ರ ಜುಲೈನಲ್ಲಿ ಕ್ನಿಗ್ಗೆ ಹೊರನಡೆದ. ಮ್ಯೂನಿಕ್ಕಿನ ಹಳೆಯ ಗೆಳೆಯರಿಗೂ ವೈಸ್‌ಹೌಪ್ಟ್‌ನ ಒಡೆತನದ ಬಗ್ಗೆ ಅಸಮಾಧಾನವಿತ್ತು. ಅಷ್ಟರಲ್ಲಿ ಸಂಘ ಬಿಟ್ಟ ಕೆಲವರು ಅರಮನೆಗೆ ದೂರು ಮುಟ್ಟಿಸಿದ್ದರು. ಬವೇರಿಯಾದ ಅಧಿಪತಿ ಕಾರ್ಲ್ ಥಿಯೊಡೋರ್ 1784ರ ಜೂನ್ 22ರಂದು ಅನುಮತಿಯಿಲ್ಲದ ಎಲ್ಲ ಕೂಟಗಳನ್ನೂ ನಿಷೇಧಿಸಿದ. 1785ರ ಮಾರ್ಚ್ 2ರಂದು ಇಲ್ಯುಮಿನಾಟಿಗಳ ಹೆಸರೆತ್ತಿಯೇ ಇನ್ನೊಂದು ಆಜ್ಞೆ ಹೊರಡಿಸಿದ. ವೈಸ್‌ಹೌಪ್ಟ್ ಅದಕ್ಕೆ ಮೊದಲೇ ರೆಗೆನ್ಸ್‌ಬರ್ಗ್‌ಗೆ ತಪ್ಪಿಸಿಕೊಂಡಿದ್ದ.  1786ರಲ್ಲಿ ತ್ಸ್ವಾಕ್‌ನ ಮನೆ ಶೋಧಿಸಿದ ಅಧಿಕಾರಿಗಳಿಗೆ ಪತ್ರಗಳ ರಾಶಿಯೇ ಸಿಕ್ಕಿತು. ಸರ್ಕಾರ ಅವನ್ನು 1787ರಲ್ಲಿ ಅಚ್ಚು ಹಾಕಿಸಿ ಮಾರಿತು. ಇನ್ನೊಬ್ಬರ ಎದೆಯ ಗುಟ್ಟುಗಳನ್ನೆಲ್ಲ ಲಕೋಟೆಯಲ್ಲಿ ಸಂಗ್ರಹಿಸಿದ ವೈಸ್‌ಹೌಪ್ಟ್‌ನ ಮನೆವಾರ್ತೆಯ ಗುಟ್ಟೂ ಬೀದಿಗೆ ಬಂತು. ಆ ವರ್ಷದ ಆಗಸ್ಟಿನಲ್ಲಿ, ಸಂಘಕ್ಕೆ ಜನ ಸೇರಿಸುವವರಿಗೆ ಮರಣದಂಡನೆ ಎಂಬ ಆಜ್ಞೆಯೂ ಹೊರಟಿತು.

ಎರಡು ವರ್ಷಕ್ಕೆ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಅರಸನ ತಲೆ ಉರುಳಿತು. ಹಸಿವು, ಸಾಲ, ತೆರಿಗೆ, ಅನ್ಯಾಯ ಇವೆಲ್ಲ ಸೇರಿ ಅಷ್ಟು ದೊಡ್ಡ ಕಟ್ಟಡವನ್ನು ಬೀಳಿಸಬಲ್ಲವು ಎಂದು ಒಪ್ಪಲು ಎಷ್ಟೋ ಜನಕ್ಕೆ ಮನಸ್ಸು ಬರಲಿಲ್ಲ. ಯಾರೋ ಕೂತು ಹೂಡಿದ ಸಂಚು ಎಂದರೆ ಸಮಾಧಾನ. 1797ರಲ್ಲಿ ಹಳೆಯ ಜೆಸುಯಿಟ್ ಪಾದ್ರಿ ಬಾರ್ಯುಯೆಲ್ ಲಂಡನ್ನಿನಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಜಾನ್ ರಾಬಿಸನ್ ತನ್ನ ಊರಿನಲ್ಲಿ, ಕ್ರಾಂತಿಯ ಹಿಂದಿನ ಕೈ ಇಲ್ಯುಮಿನಾಟಿಗಳದ್ದು ಎಂದು ಪುಸ್ತಕ ಬರೆದರು. ಮರುವರ್ಷ ಅಮೆರಿಕದ ಪಾದ್ರಿ ಜೆಡಿಡಾಯ ಮೋರ್ಸ್ ಬಾಸ್ಟನ್ನಿನ ಪ್ರಾರ್ಥನಾ ವೇದಿಕೆಯಿಂದ ಅದನ್ನೇ ಸಾರಿದ. ಸಂಘ ಸತ್ತು ಹತ್ತು ವರ್ಷವಾದ ಮೇಲೆ ಅದಕ್ಕೆ ಹೀಗೆ ಎರಡನೆಯ ಜನ್ಮ ಬಂತು. ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇದು: ಜಗತ್ತು ನಂಬಿದ್ದು ವೈಸ್‌ಹೌಪ್ಟ್‌ನ ಉಪದೇಶವನ್ನಲ್ಲ, ಅವನ ಸುಳ್ಳನ್ನು. ಎಲ್ಲೆಲ್ಲೂ ಇರುವ, ಯಾರಿಗೂ ಕಾಣದ, ಎಲ್ಲವನ್ನೂ ಬಲ್ಲ ಹಿರಿಯರನ್ನು ಅವನು ಕಲ್ಪಿಸಿದ್ದು ತನ್ನ ಹುಡುಗರನ್ನು ಕಟ್ಟಿಹಾಕಲು. ಹುಡುಗರು ಅದನ್ನು ನಂಬುವುದನ್ನು ಬಿಟ್ಟ ಮೇಲೆ ಶತ್ರುಗಳು ನಂಬಿದರು. ಇವತ್ತು ಮೊಬೈಲಿನಲ್ಲಿ ಓಡಾಡುತ್ತಿರುವುದೂ ಆ ಕಾಣದ ಹಿರಿಯರೇ.

ಸಂಘದ ಒಬ್ಬ ಕಿರಿಯ ಸದಸ್ಯನ ಮಾತು ಹೇಳದೆ ಮುಗಿಸಲಾರೆ. ಮ್ಯಾಕ್ಸಿಮಿಲಿಯನ್ ಫಾನ್ ಮಾಂಟ್‌ಗೆಲಾಸ್. ಈ ಸಂಬಂಧದಿಂದಾಗಿ ಬವೇರಿಯಾದಲ್ಲಿ ಅವನ ಮುಂದಿನ ದಾರಿ ಮುಚ್ಚಿಹೋಗಿ, ತ್ಸ್ವೈಬ್ರ್ಯುಕೆನ್ ಸಂಸ್ಥಾನಕ್ಕೆ ಹೋದ. 1799ರಲ್ಲಿ ಕಾರ್ಲ್ ಥಿಯೊಡೋರ್ ತೀರಿಕೊಂಡು ಹೊಸ ಅಧಿಪತಿ ಬಂದಾಗ ಬವೇರಿಯಾಕ್ಕೆ ಮಂತ್ರಿಯಾಗಿ ಮರಳಿದ. 1817ರವರೆಗೆ ಆ ನಾಡಿನ ಆಡಳಿತವನ್ನು ಅಡಿಯಿಂದ ಮುಡಿಯವರೆಗೆ ಬದಲಿಸಿದ. 1802ರಲ್ಲಿ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. 1806ರಲ್ಲಿ ವಿಚಾರಣೆಯ ಹೆಸರಿನ ಚಿತ್ರಹಿಂಸೆ ರದ್ದಾಯಿತು. 1807ರಲ್ಲಿ ಸಿಡುಬಿನ ಲಸಿಕೆ ಎಲ್ಲರಿಗೂ ಕಡ್ಡಾಯವಾಯಿತು. 1808ರಲ್ಲಿ ನಾಡಿಗೊಂದು ಸಂವಿಧಾನ ಬಂತು. ಪ್ರೊಟೆಸ್ಟೆಂಟರಿಗೆ ಸಮಾನ ಹಕ್ಕು ದೊರೆಯಿತು. ಅವನು ಮೆದು ಕೈಯವನಲ್ಲ. ಮಠಗಳನ್ನು ಮುಚ್ಚಿಸಿದಾಗ ಎಷ್ಟೋ ಬೆಲೆಬಾಳುವ ವಸ್ತುಗಳು ಹಾಳಾದವು. ಜನರನ್ನು ಕೇಳಿ ಮಾಡುವ ಅಭ್ಯಾಸವೂ ಅವನಿಗಿರಲಿಲ್ಲ. ಆದರೂ ಇಂಗೋಲ್‌ಸ್ಟಾಟಿನ ಆ ಸಂಘ ಕನಸು ಕಂಡಿದ್ದ ಎಷ್ಟೋ ಕೆಲಸಗಳು ಸರ್ಕಾರದ ಆಜ್ಞೆಗಳಾಗಿ, ಎಲ್ಲರೂ ಓದುವಂತೆ, ಬೇಕಾದವರು ವಿರೋಧಿಸುವಂತೆ ಹೊರಬಂದವು. ಗೋಥಾದ ಡ್ಯೂಕನ ಆಶ್ರಯದಲ್ಲಿ ಪಿಂಚಣಿ ಪಡೆದು, ತನ್ನ ಸಮರ್ಥನೆಯ ಪುಸ್ತಕಗಳನ್ನು ಬರೆದುಕೊಂಡು 1830ರವರೆಗೆ ಬದುಕಿದ್ದ ವೈಸ್‌ಹೌಪ್ಟ್‌ನ ಕಾಲದಲ್ಲೇ ಇದೆಲ್ಲ ನಡೆಯಿತು. ಮಾಂಟ್‌ಗೆಲಾಸ್ ಅಧಿಕಾರಕ್ಕೆ ಬಂದ ವರ್ಷವೇ, 1799ರ ನವೆಂಬರಿನಲ್ಲಿ, ಅವನ ಸರ್ಕಾರ ಗುಪ್ತ ಸಂಘಗಳ ಮೇಲಿನ ನಿಷೇಧವನ್ನು ಮತ್ತೆ ಜಾರಿಗೆ ತಂದಿತು.